ಉರ್ಫ್ ಕಸ್ತೂರಿ

ಗುರುತು ಪತ್ತೆ ಮಾಡುವ ಹೊಸ ಯಂತ್ರದ ಪರದೆ ಮತ್ತೆ ಕೆಂಪಾಯಿತು. ಕಮಲಾಪುರದ ಸಮುದಾಯ ಭವನದಲ್ಲಿ ಅದರ ಪ್ರಾತ್ಯಕ್ಷಿಕೆಗೆ ಬಂದು ಸಾಲಾಗಿ ಕೂತಿದ್ದ ತಜ್ಞರೆಲ್ಲ ಹೆಣ್ಣು ನೋಡಲು ಬಂದವರ ಹಾಗೆ ಒಟ್ಟಿಗೆ ಮುಂದೆ ಬಾಗಿ ಅದನ್ನು ನೋಡಿದರು. ಪರದೆಯ ಮುಂದೆ ನಿಂತಿದ್ದ ಹೆಂಗಸು ಮಾತ್ರ ಸಾಲಿನ ಕೊನೆಯ ಕುರ್ಚಿಯಲ್ಲಿದ್ದ ಪ್ರೊಫೆಸರ್ ಶಿವಶರಣ ಅವರನ್ನು ನೋಡುತ್ತಿದ್ದಳು. ಶಿವಶರಣ ಮೊಬೈಲಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಓದುತ್ತಿದ್ದರು. ಮೊಬೈಲು ಆಫ್ ಆಗಿತ್ತು.

"ಎರಡು ಹೆಸರು ಬರ್ಲಾಕತ್ತಾವ್ರಿ ಸರ್," ಎಂದಳು ಯಂತ್ರ ನಡೆಸುತ್ತಿದ್ದ ಹಾಜಿರಾ. "ಸಾಲಿ ಸರ್ಟಿಫಿಕೇಟಿನಾಗ ಅಂಜನಾ ಅಂತ ಅದ. ಉಳದಿದ್ದರಾಗೆಲ್ಲ ಕಸ್ತೂರಿ ಅಂತ ಅದ. ಇವರು ಇಬ್ಬರು ಮಂದಿ ಅಂತದ್ರಿ ಮಷಿನ್ನು."

"ಇಬ್ಬರಲ್ಲ ಯವ್ವಾ, ನಾ ಒಬ್ಬಾಕಿನೇ," ಎಂದಳು ಹೆಂಗಸು. "ಅಂಜನಾ ತವರುಮನಿ ಹೆಸರು. ಲಗ್ನದಾಗ ಗಂಡನ ಮನ್ಯಾಗ ಕಸ್ತೂರಿ ಅಂತ ಇಟ್ಟರು. ನಮ್ಮ ಕಡಿ ಇಡ್ತಾರಲ್ಲ. ಅಂಗನವಾಡಿ ನಡಸಕೋತ ಕೂದಲಾ ಬೆಳ್ಳಗಾದ್ವು ನಂದು. ಇವತ್ತು ಈ ಗುರುತು ಆಗಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂದಾರ."

ಶಿವಶರಣರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಅವಳು ಅವರ ಒಡಹುಟ್ಟಿದ ತಂಗಿ. ಕಸ್ತೂರಿ ಎಂಬ ಹೆಸರನ್ನು ಆರಿಸಿಕೊಟ್ಟವರೂ ಅವರೇ. ಆಗಿನ್ನೂ ಎಂ.ಎ. ಓದುತ್ತಿದ್ದರು, ಬೀಗರು "ನೀವು ಕಲ್ತವರು, ಚಂದಂದೊಂದು ಹೆಸರು ಹೇಳ್ರಿ" ಅಂದದ್ದಕ್ಕೆ ಉಬ್ಬಿಹೋಗಿ, ಹಂದರದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಆ ಹೆಸರು ಹೇಳಿದ್ದರು.

ಈಗ ಅವರು ವಿಶ್ವಾಸಾರ್ಹ ಡಿಜಿಟಲ್ ಗುರುತು ತಜ್ಞರ ಸಲಹಾ ಸಮಿತಿಯ ಸದಸ್ಯರು. ಕಲಬುರಗಿಯ ಕುಸನೂರಿನಲ್ಲಿರುವ ತಮ್ಮ ಮನೆಯ ಗೇಟಿನ ಪಕ್ಕ ಅಷ್ಟನ್ನೂ ಹಿತ್ತಾಳೆ ಫಲಕದಲ್ಲಿ ಕೆತ್ತಿಸಿದ್ದರು. ಸಮಿತಿಯಲ್ಲಿ ಸಿಂಗಪುರ ನೋಡಿ ಬಂದವರಿದ್ದರು, ಎಸ್ಟೋನಿಯಾ ನೋಡಿ ಬಂದವರಿದ್ದರು. ಕಮಲಾಪುರ ನೋಡಿದವರೊಬ್ಬರು ಇರಲಿ ಎಂದು ಇವರನ್ನು ಸೇರಿಸಿಕೊಂಡಿದ್ದರು. ಜನರಿಗೆ ನಂಬಿಕೆ ಕಲಿಸಲು ಹೊರಟ ಈ ಮಹನೀಯರು ಊರಿನ ನೀರನ್ನು ಮಾತ್ರ ನಂಬದೆ ಬಾಟಲಿ ಕಟ್ಟಿಕೊಂಡು ಬಂದಿದ್ದರು.

ಕಲಬುರಗಿಯ ಹೋಟೆಲೊಂದರ ಎಸಿ ಹಾಲಿನಲ್ಲಿ ಸಮಿತಿ ಸೇರಿದ್ದಾಗ ಒಂದು ಮಾತು ಬಂದಿತ್ತು. ಹಳೆಯ ನಮೂನೆಯಲ್ಲಿ ಹೆಸರಿನ ಪಕ್ಕದಲ್ಲಿ 'ಉರ್ಫ್' ಎಂಬ ಕಾಲಂ ಇತ್ತು. ಇನ್ನೊಂದು ಹೆಸರಿದ್ದವರು ಅದನ್ನು ಅಲ್ಲಿ ಬರೆಯಬಹುದಿತ್ತು. ನಿಜಾಮರ ಕಾಲದಿಂದ ಈ ಭಾಗದ ಹೆಂಗಸರು ಆ ಪುಟ್ಟ ಪದದ ಆಚೆ ಈಚೆ ತವರನ್ನೂ ಗಂಡನ ಮನೆಯನ್ನೂ ಇಟ್ಟುಕೊಂಡು ಬಂದಿದ್ದರು. ಬೆಂಗಳೂರಿನಿಂದ ಬಂದಿದ್ದ ಅಧ್ಯಕ್ಷ ಡಾ. ರಾಮನಾಥನ್ ಹಾಗೆಂದರೇನು ಎಂದು ಕೇಳಿದರು. "ಅದು ಕಳ್ಳರ ಪಟ್ಟಿಯಲ್ಲಿ ಬರುವ ಪದ ಸರ್. ಸಭ್ಯರಿಗೆ ಒಂದೇ ಹೆಸರು ಸಾಕು," ಎಂದರು ಶಿವಶರಣ. ಎಲ್ಲರೂ ನಕ್ಕರು. ಕಾಲಂ ಹೋಯಿತು. ಆ ನಗುವಿನ ಹುರುಪಿನಲ್ಲಿ ಅವರು ಇನ್ನೊಂದು ಸಲಹೆಯನ್ನೂ ಕೊಟ್ಟರು: ಹೆಸರಿನ ತಕರಾರಿದ್ದರೆ ಅಧಿಕಾರಿಯೋ ಸಮಿತಿಯ ಸದಸ್ಯರೋ ಸಾಕ್ಷಿ ಹೇಳಲಿ, ಸಂಬಂಧಿಕರ ಸಾಕ್ಷಿ ಮಾತ್ರ ಬೇಡ. "ನಮ್ಮ ಕಡೆ ಸಂಬಂಧಿಕರು ಏನು ಬೇಕಾದರೂ ಹೇಳ್ತಾರೆ ಸರ್." ಅಂದು ಊಟದಲ್ಲಿ ಅಧ್ಯಕ್ಷರೇ ಕೈಯಾರೆ ಅವರ ತಟ್ಟೆಗೆ ಜಾಮೂನು ಹಾಕಿದ್ದರು.

ಅದೇ ಅಧ್ಯಕ್ಷರು ಈಗ ಅವರತ್ತ ತಿರುಗಿದರು. "ಪ್ರೊಫೆಸರ್, ನೀವು ಈ ಕಡೆಯವರಲ್ಲವೇ. ಈಕೆ ನಿಮಗೆ ಗೊತ್ತಾ?"

ತಂಗಿ ಎಂದರೆ ಅವರ ಸಾಕ್ಷಿ ನಡೆಯುವುದಿಲ್ಲ, ಅವಳ ಕೆಲಸ ಹೋಗುತ್ತದೆ. ಆದರೆ ಆ ಹೊತ್ತಿನಲ್ಲಿ ಶಿವಶರಣರಿಗೆ ಹೊಳೆದದ್ದು ಅದಲ್ಲ. ಕಳ್ಳರ ಪದ ಎಂದು ನಗಿಸಿದವನ ಮನೆಯಲ್ಲೇ ಎರಡು ಹೆಸರಿನ ತಂಗಿ ಇದ್ದಾಳೆಂದು ಗೊತ್ತಾದರೆ ಈ ಮಂದಿ ಯಾರನ್ನು ನೋಡಿ ನಗುತ್ತಾರೆ ಎಂಬುದೊಂದೇ ಹೊಳೆಯಿತು. ಅವಳ ಸೀರೆಯಲ್ಲಿ ಅಂಗನವಾಡಿಯ ಒಗ್ಗರಣೆಯ ವಾಸನೆಯೂ ಇತ್ತು.

"ಮುಖ ನೋಡಿದ ನೆನಪಿದೆ ಸರ್," ಎಂದರು. "ಇಲ್ಲಿಯವರೇ. ಮೊದಲು ಅಂಜನಾ ಅಂತಿದ್ದರು."

ಅವಳಿಗೆ ಅದು ಚೆನ್ನಾಗಿಯೇ ಕೇಳಿಸಿತು. ಚಡ್ಡಿ ಒದ್ದೆ ಮಾಡಿಕೊಂಡು ತಾನಲ್ಲ ಎನ್ನುವ ಹುಡುಗನನ್ನು ನೋಡುವ ಹಾಗೆ ಅಣ್ಣನನ್ನು ನೋಡಿದಳು. ಆ ಹುಡುಗನಾಗಿದ್ದರೆ ಅವಳಿಗೆ ಕನಿಕರವಾದರೂ ಬರುತ್ತಿತ್ತು.

"ಹಾಗಾದರೆ ನೀವೇ ಸಾಕ್ಷಿಯಾಗಿ," ಎಂದರು ರಾಮನಾಥನ್ ಹಿಗ್ಗಿನಿಂದ. ಪ್ರಾತ್ಯಕ್ಷಿಕೆ ಕೆಡುವುದಿಲ್ಲವಲ್ಲ, ಅಷ್ಟು ಸಾಕಿತ್ತು ಅವರಿಗೆ. ಶಿವಶರಣ ಎದ್ದು ಬಂದು ಹೆಬ್ಬೆಟ್ಟು ಒತ್ತಿದರು.

"ಅಕ್ಕಾ, ಈಗ ನೀವು ಬಾಯಿಲೆ ಹೇಳಬೇಕ್ರಿ, ಮಷಿನ್ನಿನಾಗ ರೆಕಾರ್ಡ್ ಆಗ್ತದ," ಎಂದಳು ಹಾಜಿರಾ. "ಈ ಸಾಕ್ಷಿ ನಿಮಗ ಏನಾಗಬೇಕು?"

ಇವಳೇನಾದರೂ ಅಣ್ಣ ಅಂದುಬಿಟ್ಟರೆ ಎಂದು ಶಿವಶರಣ ನೆಲ ನೋಡುತ್ತ ನಿಂತರು.

"ಯಾರೂ ಅಲ್ಲ."

"ಜರಾ ಜೋರ್ಲೆ ಹೇಳ್ರಿ ಅಕ್ಕಾ. ಮಷಿನ್ನಿಗಿ ಕೇಳಸಲಿಲ್ಲ."

ಅವಳು ಯಂತ್ರದ ಕಡೆ ತಿರುಗಲಿಲ್ಲ. ಅಣ್ಣನ ಮುಖಕ್ಕೇ ಮುಖ ಕೊಟ್ಟು ಹೇಳಿದಳು. "ಈ ಮನಷ್ಯಾ ನನಗ ಯಾರೂ ಅಲ್ಲ."

ಪರದೆ ಹಸಿರಾಯಿತು. ತಜ್ಞರು ಚಪ್ಪಾಳೆ ತಟ್ಟಿದರು. "ಇದಕ್ಕೇ ನಾವು ವಿಶ್ವಾಸ ಅನ್ನೋದು," ಎಂದು ರಾಮನಾಥನ್ ಶಿವಶರಣರ ಕೈ ಕುಲುಕಿದರು. ಒಬ್ಬರು ಫೋಟೋ ತೆಗೆದರು. ಎರಡು ಸುಳ್ಳು ನುಂಗಿದ ಯಂತ್ರ ಹಸಿರಾಗಿಯೇ ಉರಿಯುತ್ತಿತ್ತು.

ಗೋಡೆಯ ಬದಿಗೆ ಅವಳ ಕೈಚೀಲವಿತ್ತು. ಅದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು, ಅಣ್ಣನ ಮನೆಗೆಂದು ತಂದದ್ದು. ಅವಳು ಅದನ್ನು ಅಲ್ಲೇ ಮುರಿದು ಸಾಲಿನಲ್ಲಿ ಎಲ್ಲರಿಗೂ ಒಂದೊಂದು ಹಂಚುತ್ತ ಬಂದಳು. ಕೊನೆಗೆ ಶಿವಶರಣರ ಮುಂದೆಯೂ ನಿಂತು ಒಂದನ್ನು ಎರಡೂ ಕೈಯಿಂದ ಚಾಚಿದಳು.

"ತಗೋರಿ ಸಾಹೇಬರ."

ಹುಟ್ಟಿದಾಗಿನಿಂದ ಅವಳು ಅವರಿಗೆ ನೀನು ಎಂದೇ ಅನ್ನುತ್ತಿದ್ದವಳು. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಮಕ್ಕಳಿಗೆ ಉಣ್ಣಾಕ ಇಡೂ ವ್ಯಾಳ್ಯಾ ಆತು ಎಂದು ಹಾಜಿರಾಗೆ ಹೇಳಿ ಹೊರಟುಹೋದಳು.

ವಾಪಸು ಬರುವಾಗ ಕಾರಿನಲ್ಲಿ ಉಳಿದವರೆಲ್ಲ ಹಣ್ಣು ತಿಂದು, ಎಂಥ ಪರಿಮಳ ಎಂದು ಹೊಗಳಿ, ಸಿಪ್ಪೆಯನ್ನು ಕಿಟಕಿಯಿಂದ ಎಸೆದರು. ಶಿವಶರಣ ತಮ್ಮದನ್ನು ಸುಲಿಯಲಿಲ್ಲ, ಎಸೆಯಲೂ ಇಲ್ಲ. ಕುಸನೂರಿನಲ್ಲಿ ಇಳಿದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಕೈಯಲ್ಲಿದ್ದ ಕೆಂಪು ಹಣ್ಣು ನೋಡಿ ಅವಳ ಮುಖ ಅರಳಿತು.

"ಅಂಜನಾ ಸಿಕ್ಕಿದ್ಲೇನ್ರಿ?"

ಶಿವಶರಣ ಹಣ್ಣನ್ನು ಕಂಪೌಂಡಿನ ಗೋಡೆಯ ಮೇಲಿಟ್ಟರು. ಕಿಸೆಯಿಂದ ಕರ್ಚೀಫು ತೆಗೆದು, ಬೆಳಿಗ್ಗೆಯಷ್ಟೇ ಒರೆಸಿದ್ದ ಹಿತ್ತಾಳೆ ಫಲಕವನ್ನು ಮತ್ತೆ ಒರೆಸತೊಡಗಿದರು.