ಕಿಡಿ ಹಾರುವ ಹೊತ್ತು

ಊರಿನ ಹಳೇ ಲಾರಿಗಳಿಗೆಲ್ಲ ಆತ ವೈದ್ಯನಿದ್ದ ಹಾಗೆ. ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಅರೆಗಳಿಗೆ ನಿಂತರೆ ಸಾಕು, ಎಂಜಿನ್ ಎಲ್ಲಿ ನರಳುತ್ತಿದೆ ಎಂದು ಹೇಳಿಬಿಡುತ್ತಿದ್ದ. ಸ್ವಂತದ್ದು ಅಂತ ಇದ್ದದ್ದು ಒಂದೇ ಲಾರಿ, ತಂದೆಯ ಕಾಲದ್ದು, ಪೆಟ್ರೋಲಿನದು. ಅದರಲ್ಲಿ ಆತನ ತಮ್ಮ ಇಟ್ಟಿಗೆ ಸಾಗಿಸುತ್ತಿದ್ದ. ರಿಪೇರಿಯೆಲ್ಲ ಅಣ್ಣನದು, ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ. ಹೆಂಡತಿ ಬಟ್ಟೆ ಹೊಲಿಯುವವಳು. ಆ ಲಾರಿಯನ್ನು ಅವಳು ಸವತಿ ಎಂದೇ ಕರೆಯುತ್ತಿದ್ದಳು. ಮನೆಗೆ ಬಂದರೆ ನನ್ನ ಮುಖ ನೋಡುವುದಿಲ್ಲ, ಅವಳ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕೂತಿರುತ್ತಾರೆ ಎಂದು ನೆರೆಯವರ ಮುಂದೆ ನಗುತ್ತಿದ್ದಳು.

ಜ್ವರ ಬಂದ ಮೇಲೆ ಆ ನಗು ನಿಂತಿತು. ಜ್ವರ ಮಿದುಳಿಗೇರಿ ಆತ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ. ಎದ್ದಾಗ ಜೀವ ಉಳಿದಿತ್ತು, ಕಿವಿ ಎರಡೂ ಹೋಗಿದ್ದವು. ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೆಂಡತಿಗೆ ಹೇಳಿದರು. ಅವಳು ಅದನ್ನು ಗಂಡನಿಗೆ ತಿಳಿಸಲು ಬಾಯಿ ತೆರೆದಳು, ಆತ ಅವಳ ತುಟಿಯನ್ನು ನೋಡಿ ಮುಖ ತಿರುಗಿಸಿಕೊಂಡ. ಹೇಳುವ ಅಗತ್ಯ ಉಳಿಯಲಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಆತ ಯಾರನ್ನೂ ದೂರಲಿಲ್ಲ. ಆದರೆ ತನ್ನ ಲಾರಿ ಏರು ಹತ್ತಲಾರದೆ ಸೋಲುತ್ತಿದೆ ಎಂದು ತಮ್ಮ ಸನ್ನೆ ಮಾಡಿ ತಿಳಿಸಿದಾಗ, ಯಾರಿಗೂ ಹೇಳದೆ ಸ್ಪಾನರ್ ಹಿಡಿದು ಹೊರಗೆ ಹೋದ. ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು ಕೂದಲೆಳೆಯಷ್ಟು ತಪ್ಪಿದರೂ ಎಂಜಿನ್ ಕೆಡುತ್ತದೆ. ಬೇಗ ಹಾರಿದರೆ ಬಡಿಯುತ್ತದೆ, ತಡವಾದರೆ ಕಸುವು ಕಳೆದುಕೊಳ್ಳುತ್ತದೆ. ಆ ಹೊತ್ತನ್ನು ತೋರಿಸುವ ಪುಲ್ಲಿಯ ಮೇಲಿನ ಗುರುತು ಎಂದೋ ಜಾರಿ ಸುಳ್ಳಾಗಿತ್ತು. ಅಲ್ಲಿಯವರೆಗೆ ಕಿವಿಯೇ ಅದರ ಗುರುತಾಗಿತ್ತು. ಈ ಸಲ ಆತ ಅಂದಾಜಿನ ಮೇಲೆ, ಕಿಡಿಯ ಹೊತ್ತು ಹೊಂದಿಸುವ ಡಿಸ್ಟ್ರಿಬ್ಯೂಟರನ್ನು ತಿರುಗಿಸಿದ, ಅತಿಯಾಗಿ ತಿರುಗಿಸಿದ. ಬ್ಯಾಟರಿ ಸತ್ತಿದ್ದರಿಂದ ಲಾರಿಯ ಮುಂದೆ ಹೋಗಿ ಕೈಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದ. ಕಿಡಿ ಹೊತ್ತಿಗೆ ಮೊದಲೇ ಹಾರಿ ಎಂಜಿನ್ ಹಿಂದಕ್ಕೆ ಒದೆಯಿತು. ಹ್ಯಾಂಡಲ್ ತಿರುಗಿ ಬಂದು ಬಲಗೈಯ ಮಣಿಕಟ್ಟನ್ನು ಮುರಿಯಿತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು ಲಾರಿಗೆ ಬೆನ್ನು ಹಾಕಿ ಜಗುಲಿಯಲ್ಲಿ ಕೂರತೊಡಗಿದ. ಕೊನೆಗೆ ತಮ್ಮನು ಅತ್ತಿಗೆಯ ಬಳಿ ತಗ್ಗಿದ ದನಿಯಲ್ಲಿ, ಪೇಟೆಯ ಗ್ಯಾರೇಜಿಗೆ ಎಳೆಸಿಕೊಂಡು ಹೋಗುತ್ತೇನೆ, ಅಣ್ಣನಿಗೆ ಬೇಜಾರಾದರೂ ವಿಧಿಯಿಲ್ಲ ಎಂದ. ದನಿ ತಗ್ಗಿಸಿದ್ದು ಅಭ್ಯಾಸಬಲ. ಆದರೆ ಅಣ್ಣ ಅವನ ತುಟಿ ನೋಡುತ್ತಿದ್ದ. ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಹೆಂಡತಿ ಆ ಬೆನ್ನನ್ನು ನೋಡುತ್ತ ಬಾಗಿಲಲ್ಲಿ ನಿಂತಳು. ನಾಳೆ ಎಳೆಸುವುದು ಬೇಡ, ಒಂದು ಒಳ್ಳೇ ಬ್ಯಾಟರಿ ತಾ ಎಂದಷ್ಟೇ ಮೈದುನನಿಗೆ ಹೇಳಿದಳು.

ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪಾನರ್ ತಂದು ಗಂಡನ ಎದುರು ಹಿಡಿದಳು. ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು: "ಎಲ್ಲಿ ತಿರುಗಿಸ್ಬೇಕು ಅಂತ ನೀವು ಹೇಳಿ. ಏನು ಕೇಳ್ಸುತ್ತೆ ಅಂತ ನಾನು ಹೇಳ್ತೀನಿ."

 ಆತ ಎದ್ದು ಲಾರಿಯ ಕಡೆ ನಡೆದ.

ಮೈದುನ ಬ್ಯಾಟರಿ ಹೊಂದಿಸಿ ಕೀ ತಿರುಗಿಸಿದ. ಎಂಜಿನ್ ಕೆಮ್ಮಿ, ಸೀನಿ, ಹೇಗೋ ಹಿಡಿದುಕೊಂಡಿತು. ಅವಳು ಡಿಸ್ಟ್ರಿಬ್ಯೂಟರನ್ನು ಬಿಗಿಹಿಡಿದಿದ್ದ ಬೋಲ್ಟನ್ನು ಸಡಿಲಿಸಿ ಅದಕ್ಕೆ ಕೈಯಿಟ್ಟಳು. ಅದು ಬಿಸಿಯಾಗಿತ್ತು, ನಡುಗುತ್ತಿತ್ತು. ಆತ ಪಕ್ಕದಲ್ಲಿ ನಿಂತು, ಆ ಕಡೆ, ಈ ಕಡೆ, ಅಷ್ಟಲ್ಲ, ಇಷ್ಟಲ್ಲ ಎಂದು ಕೂಗಿದ. ಅವಳು ಹೆದರಿ ಹೆಚ್ಚು ತಿರುಗಿಸಿದಳು, ಎಂಜಿನ್ ನಿಂತುಹೋಯಿತು. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಅದರ ಸದ್ದು ಇಲ್ಲದಾದ ಮೇಲೂ ಆತನ ಕೂಗು ನಿಲ್ಲಲಿಲ್ಲ. ಎದುರು ಮನೆಯವರು ಕಿಟಕಿಗೆ ಬಂದರು.

ಅವಳು ಸ್ಪಾನರನ್ನು ಕೆಳಗಿಟ್ಟು ಆತನ ಮುಂದೆ ಬಂದು ನಿಂತಳು.

"ಕೂಗ್ಬೇಡಿ," ಅಂದಳು. "ಜ್ವರ ಬಿಟ್ಟಾಗಿಂದ ಕೂಗ್ತಾನೇ ಇದ್ದೀರಿ. ನಿಮಗೆ ಗೊತ್ತಾಗ್ತಿಲ್ಲ."

ಆತನಿಗೆ ಅರ್ಥವಾಗಲಿಲ್ಲವೇನೋ ಎಂದು ಅವಳು ಮತ್ತೊಮ್ಮೆ ಹೇಳಹೊರಟಳು. ಅರ್ಥವಾಗಿತ್ತು. ಆತನ ಮುಖ ಬಿಳಿಚಿಕೊಂಡಿತ್ತು. ತಮ್ಮನ ಕಡೆ ತಿರುಗಿದ, ಅವನು ತಲೆ ತಗ್ಗಿಸಿದ.

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?" ಆತ ಕೇಳಿದ. ಈಗ ದನಿ ತೀರ ಕುಗ್ಗಿ, ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಹೇಗೆ ಹೇಳ್ಲಿ? ಇನ್ನೂ ಏನು ಕಿತ್ಕೊಳ್ಳೋದು ನಿಮ್ಮಿಂದ ಅನ್ನಿಸ್ತು."

ಅವಳು ಆತನ ಎಡಗೈಯನ್ನು ತೆಗೆದುಕೊಂಡು ಅಂಗೈಯನ್ನು ತನ್ನ ಕೈಮೇಲೆ ಇಟ್ಟುಕೊಂಡಳು. ದನಿ ಜೋರಾದರೆ ಕೈ ಕೆಳಕ್ಕೆ ಇಳಿಸಿದಳು, ಕೇಳಿಸದಿದ್ದರೆ ಮೇಲಕ್ಕೆ ಎತ್ತಿದಳು. ಕೆಲವು ಮಾತು ಆಡಿದ ಮೇಲೆ ಆತನ ದನಿ ಹಳೆಯ ಮಟ್ಟಕ್ಕೆ ಬಂದು ನಿಂತಿತು. ಅದನ್ನು ಕೇಳಿ ಅವಳು ಕಣ್ಣೊರೆಸಿಕೊಂಡಳು. ಕೈಗೆ ಹತ್ತಿದ್ದ ಗ್ರೀಸು ಕೆನ್ನೆಗೂ ಬಳಿದುಕೊಂಡಿತು.

ಆಮೇಲೆ ಕೆಲಸ ನಿಧಾನವಾಗಿ ಸಾಗಿತು. ವೇಗ ಏರುವವರೆಗೆ ತಿರುಗಿಸು, ಏರಿದ ಮೇಲೆ ಒಂದಿಷ್ಟು ಹಿಂದಕ್ಕೆ ತಾ, ಸದ್ದು ದುಂಡಗಾದರೆ ಹೇಳು ಎಂದ. ದುಂಡಗಾಗುವುದು ಎಂದರೇನೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಸದ್ದಿನ ಮೂಲೆಗಳೆಲ್ಲ ಸವೆದು ಒಂದೇ ಉಸಿರಾದಾಗ ತಿಳಿಯಿತು. ತಲೆಯಾಡಿಸಿದಳು. ಆತ ಮಡ್‌ಗಾರ್ಡಿನ ಮೇಲೆ ಅಂಗೈಯಿಟ್ಟು ಎಂಜಿನ್ನಿನ ಅದುರು ನೋಡಿ ಹೌದು ಎಂದ.

ಆದರೆ ನಿಂತಲ್ಲಿ ನೋಡಿದರೆ ಸಾಲದು, ಭಾರದಲ್ಲಿ ನೋಡಬೇಕಿತ್ತು. ಇಟ್ಟಿಗೆ ತುಂಬಿಕೊಂಡು ಮೂವರೂ ಊರಾಚೆಯ ಏರಿಗೆ ಹೋದರು. ಮೈದುನ ಓಡಿಸಿದ, ಅವಳು ನಡುವೆ ಕೂತಳು. ಏರಿನ ನಡುಮಧ್ಯ, ತಗಡಿನ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂತೆ ಸಣ್ಣ ಸದ್ದೊಂದು ಅವಳಿಗೆ ಕೇಳಿಸಿತು. ನಿಲ್ಲಿಸು ಎಂದಳು. ಮೈದುನನಿಗೆ ಏನೂ ಕೇಳಿಸಿರಲಿಲ್ಲ, ಆದರೂ ನಿಲ್ಲಿಸಿದ. ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದರು. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ ಎಂದು ಅವಳು ಹೇಳಿದಾಗ ಆತ, ಕಿಡಿ ಇನ್ನೂ ಬೇಗ ಹಾರುತ್ತಿದೆ ಎಂದ. ಅವಳು ಬೋಲ್ಟ್ ಸಡಿಲಿಸಿದಳು, ಈ ಸಲ ಆತನೇ ಎಡಗೈಯಿಂದ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ, ಅವಳು ಬಿಗಿದಳು.

ಲಾರಿ ಏರನ್ನು ಒಂದೇ ದಮ್ಮಿಗೆ ಹತ್ತಿತು. ಡಬ್ಬಿಯ ಸದ್ದು ಇರಲಿಲ್ಲ.

ಮೇಲೆ ಸಮತಟ್ಟಾದ ಕಡೆ ಮೈದುನ ಎಂಜಿನ್ ನಿಲ್ಲಿಸಿ, ಇಟ್ಟಿಗೆಗೆ ಕಟ್ಟಿದ್ದ ಹಗ್ಗ ಬಿಗಿ ಇದೆಯೇ ನೋಡಲು ಇಳಿದು ಹಿಂದಕ್ಕೆ ಹೋದ. ಆತ ಇಳಿಯಲಿಲ್ಲ. ಕಿಟಕಿಯ ಆಚೆ, ಕೆಳಗೆ ಹರಡಿಕೊಂಡಿದ್ದ ಊರನ್ನು ನೋಡುತ್ತ ಕುಳಿತಿದ್ದ.

"ಈಗ ಏನು ಕೇಳ್ಸ್ತಿದೆ?" ಎಂದ.

ಅವಳು ಆತನ ಕಡೆ ತಿರುಗಿ ಕೂತಳು. ಗಾಳಿ ಅಂದಳು. ಕೆಳಗೆಲ್ಲೋ ಯಾರೋ ಮೊಳೆ ಹೊಡೆಯುತ್ತಿದ್ದಾರೆ. ಒಂದು ನಾಯಿ, ಇಲ್ಲ, ಎರಡು.

"ಇನ್ನೂ?"

ಅವಳು ಕಿವಿಗೊಟ್ಟು, ಒಂದೊಂದನ್ನೇ ಹೆಕ್ಕಿ ಹೇಳುತ್ತ ಹೋದಳು. ಆತ ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ.