ಖಾಲಿ ಡಬ್ಬ ವಾಪಸ್ ಕಳಿಸುವುದಿಲ್ಲ

ಎಪ್ಪತ್ಮೂರರ ಬರಗಾಲದಲ್ಲಿ ನಿಟ್ಟೂರಿನ ನಮ್ಮ ಶಾಲೆಗೆ ದೂರದ ಶ್ರೀಮಂತ ದೇಶವೊಂದು ಹಾಲಿನ ಪುಡಿ ಕಳಿಸಿತು. ನಾನು ಹೆಡ್‌ಮಾಸ್ಟರ್. ಪುಡಿ ಕದಡಿ ಮಕ್ಕಳಿಗೆ ಕೊಡುವ ಕೆಲಸ ನನ್ನ ಹೆಂಡತಿ ಸರ್ವಮಂಗಳಳದು. ಮಕ್ಕಳ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಅವಳು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ.

ಮೊದಲ ಡಬ್ಬ ಖಾಲಿಯಾದಾಗ ಅದನ್ನು ತೊಳೆದು, ಒಣಗಿಸಿ, ರಾಗಿ ಹುರಿಹಿಟ್ಟು ತುಂಬಿಟ್ಟಳು. ಪಕ್ಕದ ಮನೆಯ ಹಜರಾ ಬೀ ಶ್ಯಾವಿಗೆ ಪಾಯಸ ಕಳಿಸಿದರೆ ನಾವು ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ದೇಶಕ್ಕೂ ಅದೇ ರೂಢಿ ಎಂದು ಅವಳ ವಾದ. ಆ ದೇಶ ಪಕ್ಕದ ಮನೆಯಲ್ಲ, ಸಮುದ್ರದಾಚೆ ಇದೆ ಎಂದೆ. ಅಷ್ಟು ದೂರದಿಂದ ಕಳಿಸಿದ್ದಾರೆ, ಇನ್ನೊಂದು ಹಿಡಿ ಜಾಸ್ತಿ ಹಾಕೋಣ ಎಂದಳು.

ತಪಾಸಣೆಗೆಂದು ಜೀಪಿನಲ್ಲಿ ಬಂದ ಆ ದೇಶದ ಸಾಹೇಬರ ಕೈಗೆ ಡಬ್ಬ ಕೊಟ್ಟಳು. ನಾನು ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬರು ನಕ್ಕು, ತಮ್ಮಲ್ಲಿ ಕೊಡುವುದಕ್ಕೆ ನಿಯಮವಿದೆ, ಇಸಿದುಕೊಳ್ಳುವುದಕ್ಕಿಲ್ಲ ಎಂದರು. ಅವಳು ಹಾಲಿನ ಪುಡಿಯಿದ್ದ ಉಗ್ರಾಣಕ್ಕೆ ಬೀಗ ಜಡಿದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಮ್ದು ಇಸ್ಕೊಳ್ದೆ ಇರೋರ ಹಾಲು ನಮ್ಮ ಮಕ್ಕಳಿಗೆ ಬ್ಯಾಡ. ನಾವೇನು ತಿರುಪೆಯವ್ರಾ?"

ನನಗೆ ಮೈಯೆಲ್ಲಾ ಉರಿಯಿತು. ಅವಳ ಮರ್ಯಾದೆಯಿಂದ ಮಕ್ಕಳ ಹೊಟ್ಟೆ ತುಂಬುತ್ತದೆಯೇ? ಲೋಟ ಹಿಡಿದ ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂತೇ ಇದ್ದರು. ಬೈದೆ, ಬೇಡಿಕೊಂಡೆ. ಅವಳು ಜಗ್ಗಲಿಲ್ಲ.

ಸಾಹೇಬರು ಗುಬ್ಬಿಗೆ ಹೋಗಿ ಎಲ್ಲಿಗೋ ಟ್ರಂಕ್ ಕಾಲ್ ಮಾಡಿ ಬಂದರು. ಇರುವುದು ಒಂದೇ ದಾರಿಯಂತೆ. ಅವರ ದೇಶವೇ ಸಂಕಷ್ಟದಲ್ಲಿದ್ದರೆ ಹೊರಗಿನವರ ನೆರವು ಪಡೆಯಬಹುದು. ಸಂಕಷ್ಟವಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ನೆರವು ಕೊಡುವವರು. ಪಡೆಯುವವರನ್ನು ಕೇಳುವ ಪದ್ಧತಿಯಿಲ್ಲ.

ಸರಿ, ಚೇರ್ಮನ್ ಚನ್ನವೀರಯ್ಯನವರು ಅಲ್ಲೇ ಪಂಚಾಯಿತಿ ಸೇರಿಸಿದರು. ಸಾಹೇಬರನ್ನು ವಿಚಾರಿಸಿದವಳು ಸರ್ವಮಂಗಳ. ನಿಮ್ಮ ಪಕ್ಕದ ಮನೆಯವರ ಹೆಸರೇನು? ಸಾಹೇಬರಿಗೆ ಗೊತ್ತಿರಲಿಲ್ಲ. ಅವರ ಮನೆಯಿಂದ ಕೊನೆಯ ಸಲ ಬಟ್ಟಲು ಬಂದದ್ದು ಯಾವಾಗ? ಬಂದೇ ಇರಲಿಲ್ಲ. ಹೆಂಗಸರೆಲ್ಲ ಲೊಚಗುಟ್ಟಿದರು. ಆ ದೇಶದಲ್ಲಿ ಘೋರ ಸಂಕಷ್ಟವಿದೆ, ನಿಟ್ಟೂರು ಕೂಡಲೇ ಮಧ್ಯೆ ಪ್ರವೇಶಿಸತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ತಮ್ಮ ದೇಶ ಚೆನ್ನಾಗಿಯೇ ಇದೆ ಎಂದು ಸಾಹೇಬರು ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಡೆದವರು ಮಾರಿಕೊಳ್ಳದ ಹಾಗೆ ನೆರವನ್ನು ಎದುರಿಗೇ ತಿನ್ನಿಸಬೇಕು, ಪುರಾವೆಗೆ ಫೋಟೋ ತೆಗೆಸಬೇಕು ಎಂಬುದು ಅವರದೇ ನಿಯಮ. ಸಾಹೇಬರನ್ನು ಮಕ್ಕಳ ಸಾಲಿನಲ್ಲಿ ಕೂರಿಸಿದೆವು. ಸರ್ವಮಂಗಳ ಹುರಿಹಿಟ್ಟಿಗೆ ಬೆಲ್ಲ, ನೀರು ಹಾಕಿ ಕಲಸಿ ತಂದಳು. ಸಾಹೇಬರೇ ತುಮಕೂರಿನಿಂದ ಕರೆತಂದಿದ್ದ ಫೋಟೋಗ್ರಾಫರ್ ಕರೀಂ ಸಾಬ್ ಕ್ಯಾಮೆರಾ ಹಿಡಿದು ಎದುರಿಗೆ ನಿಂತರು. ಸಾಹೇಬರು ಕೈ ಚಾಚಿ ಮುಗುಳ್ನಕ್ಕರು.

"ನಗ್ಬ್ಯಾಡಿ ಸಾರ್," ಎಂದರು ಕರೀಂ ಸಾಬ್, ಬಲು ಮರ್ಯಾದೆಯಿಂದ. "ಹಸಿದವ್ರ ಥರ ಕಾಣ್ಬೇಕು. ಮಕ್ಕಳಿಗೆ ಹಂಗೇ ಹೇಳು ಅಂತ ನೀವೇ ಹೇಳಿದ್ರಲ್ಲ."

ಅದನ್ನೂ ನಾನು ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬರ ನಗು ಹೋಯಿತು. ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನೊಮ್ಮೆ ನೋಡಿ ಅವರು ತಲೆ ತಗ್ಗಿಸಿದರು. ಅವರ ಮೇಲೆ ನನಗೆ ಮೊದಲ ಸಲ ಕನಿಕರ ಬಂತು.

ಸರ್ವಮಂಗಳ ಹೋಗಿ ಕ್ಯಾಮೆರಾಗೆ ಅಡ್ಡ ನಿಂತಳು.

"ಉಣ್ಣೋವಾಗ ಯಾರ ಫೋಟೋನೂ ತೆಗೀಬ್ಯಾಡಿ ಸಾಬ್ರೇ," ಎಂದು ಹೇಳಿ, ಬೀಗದ ಕೈಯನ್ನು ಸೊಂಟದಿಂದ ತೆಗೆದು ನನಗೆ ಕೊಟ್ಟಳು.