ಕೊರೀನಳಿಗೆ ತಂದ ಎಡಗೈ ಬಂದೂಕು

ನನ್ನ ತಮ್ಮ ವೆಂಡೆಲ್ ಮದುವೆಯಾಗಿ ಬಿಲ್ಲಿಂಗ್ಸ್ ಪೇಟೆಯಿಂದ ಕರೆತಂದ ಕೊರೀನ್ ಎಡಚಿ ಎಂಬುದು ಮೊದಲ ದಿನದ ಊಟದಲ್ಲೇ ನನಗೆ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ನನ್ನ ಎಡಕ್ಕೆ ಕೂತವರಿಗೆಲ್ಲ ನನ್ನ ಮೊಣಕೈ ತಗಲುತ್ತದೆ, ಏಕೆಂದರೆ ನಾನೂ ಎಡಚಿಯೇ. ಅವಳಿಗೆ ತಗಲಲಿಲ್ಲ. ಆವತ್ತು ನನಗೆ ಖುಷಿಯೇ ಆಗಿತ್ತು. ಹೊಟ್ಟೆಕಿಚ್ಚು ಶುರುವಾದದ್ದು ಮರುವರ್ಷದ ಏಪ್ರಿಲ್‌ನಲ್ಲಿ.

ಆ ವರ್ಷ ನೆಲದಳಿಲುಗಳು ಬಿಲ ತೋಡಿ ನಮ್ಮ ಕುದುರೆಮಸಾಲೆ ಮೇವಿನ ಹೊಲವನ್ನು ಜರಡಿ ಮಾಡಿದ್ದವು. ಚಿಗುರು ನೆಲ ಬಿಟ್ಟು ಮೇಲೇಳುವಷ್ಟರಲ್ಲಿ ಕತ್ತರಿಸಿ ಹಾಕುತ್ತಿದ್ದವು. ಬಿಲವೊಂದಕ್ಕೆ ಕಾಲಿಟ್ಟು ನಮ್ಮ ಕಂದು ಕುದುರೆಯ ಮುಂಗಾಲು ಮುರಿದು, ಅದನ್ನು ಮುಗಿಸುವ ಕೆಲಸ ನನ್ನ ಪಾಲಿಗೆ ಬಂತು. ವಸಂತ ಬಂತೆಂದರೆ ಅಳಿಲು ಹೊಡೆಯುವುದು ಅಪ್ಪನ ಮತ್ತು ನನ್ನ ಕೆಲಸ. ಆದರೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಕಟ್ಟಿತ್ತು. ವೆಂಡೆಲ್‌ಗೆ ಟ್ರ್ಯಾಕ್ಟರ್ ಬಿಟ್ಟರೆ ಇನ್ನೊಂದು ಬೇಡ. ಹಾಗಾಗಿ ಕೊರೀನ್ ತಾನು ಕಲಿಯುತ್ತೇನೆ ಎಂದಳು.

ಅಪ್ಪ ತನ್ನ ಹಳೆಯ ಬಂದೂಕನ್ನೇ ಕೊಟ್ಟ. ಅವಳು ಸಹಜವಾಗಿ ಎಡಭುಜಕ್ಕೆ ಆನಿಸಿಕೊಂಡಳು. ಮುಂದಿನ ಗುಂಡನ್ನು ನಳಿಗೆಗೆ ತಳ್ಳುವ ಹಿಡಿ, ಅಂದರೆ ಬೋಲ್ಟ್, ಅದರಲ್ಲಿ ಇರುವುದು ಬಲಕ್ಕೆ. ಪ್ರತಿ ಗುಂಡಿಗೂ ಎಡಗೈಯನ್ನು ಗುರಿ ನೋಡುವ ದುರ್ಬೀನಿನ ಮೇಲಿಂದ ಆಚೆಗೆ ಚಾಚಿ ಬೋಲ್ಟ್ ಎಳೆಯಬೇಕು, ಅಷ್ಟರಲ್ಲಿ ಕೆನ್ನೆ ಕದಲಿ ಗುರಿ ಎಲ್ಲೋ ಹೋಗಿರುತ್ತದೆ. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಮೂರು ಗುಂಡಿನವರೆಗೆ ನೋಡಿದ.

"ಇದು ನಿಂಗಾಗಲ್ಲ ಬಿಡು ಕೊರೀನ್," ಎಂದ. "ಎಡಗಡೆ ಬೋಲ್ಟ್ ಇರೋದನ್ನೂ ಮಾಡ್ತಾರೆ. ನಿನ್ ಕೈಗೆ ಹೊಂದೋದೇ ತಗೊಳ್ಳೋಣ."

ಅವನ ಹಿಂದೆ ಕೂತು ಗುಂಡು ತುಂಬುತ್ತಿದ್ದ ನನ್ನ ಬೆರಳು ನಿಂತೇ ಹೋಯಿತು.

ನನಗೆ ಒಂಬತ್ತು ವರ್ಷವಾಗಿದ್ದಾಗ, ಅದೇ ಬೇಲಿಯ ಹತ್ತಿರ, ಅದೇ ಬಂದೂಕನ್ನು ನಾನೂ ಎಡಭುಜಕ್ಕೆ ಇಟ್ಟುಕೊಂಡಿದ್ದೆ. ಅಪ್ಪ ತೆಗೆದು ಬಲಭುಜಕ್ಕೆ ಇಟ್ಟ. ಮತ್ತೆ ಎಡಕ್ಕೆ ಇಟ್ಟುಕೊಂಡೆ, ಮತ್ತೆ ತೆಗೆದ. ಬಂದೂಕು ನಿನಗೆ ಹೊಂದುವುದಿಲ್ಲ, ನೀನೇ ಅದಕ್ಕೆ ಹೊಂದಿಕೊಳ್ಳಬೇಕು ಎಂದು ಹೇಳಿ ನನ್ನ ಎಡಗಣ್ಣಿಗೆ ಕರವಸ್ತ್ರ ಕಟ್ಟಿದ. ನನ್ನ ಚುರುಕಿನ ಕಣ್ಣು ಅದೇ. ಎರಡು ಬೇಸಿಗೆ ಹಿಡಿಯಿತು, ಕಲಿತೆ. ಹದಿನಾರರಲ್ಲಿ ಜಿಲ್ಲೆಯ ಗುರಿ ಪಂದ್ಯದ ಕಪ್ ಗೆದ್ದೆ. ಮೂವತ್ತು ವರ್ಷ ಅದನ್ನು ಹೆಮ್ಮೆ ಎಂದುಕೊಂಡಿದ್ದವಳಿಗೆ ಆವತ್ತು, ಸುಮ್ಮನೆ ಮೋಸಹೋದೆನಲ್ಲ ಎನ್ನಿಸಿತು.

ಶನಿವಾರ ಅಪ್ಪ ಕೊರೀನಳ ಜೊತೆ ನನ್ನನ್ನೂ ಪೇಟೆಗೆ ಹೊರಡಿಸಿದ. ತನಗೆ ಕಾಣಿಸುವುದಿಲ್ಲ, ಅವಳಿಗೆ ಗೊತ್ತಾಗುವುದಿಲ್ಲ, ನೀನೇ ಆರಿಸಬೇಕು ಎಂದ. ದಾರಿಯುದ್ದಕ್ಕೂ ಅವರಿಬ್ಬರದೇ ಮಾತು. ಅವಳು ಅವನನ್ನು ಹೆಸರು ಹಿಡಿದು ಆರ್ವಲ್ ಎಂದೇ ಕರೆಯುವುದು. ಅವನಿಗೂ ಅದು ಇಷ್ಟವಿದ್ದಂತಿತ್ತು.

ಬಂದೂಕಿನ ಅಂಗಡಿಯ ಲೈಲ್ ಹಳೆಯ ಪರಿಚಯದವನು. ಎಡಗೈಯವರು ಬರುವುದೇ ಅಪರೂಪ ಎನ್ನುತ್ತ ಇದ್ದ ಎರಡನ್ನೂ ಗಾಜಿನ ಕಟ್ಟೆಯ ಮೇಲಿಟ್ಟ. ಒಂದು ಬೂದು ಬಣ್ಣದ್ದು, ದಪ್ಪ ನಳಿಗೆ, ಸಣ್ಣ ಗುಂಡು. ಭಾರ, ನೋಡಲು ಚೆಂದವಿಲ್ಲ, ಆದರೆ ಹೊಡೆದಾಗ ಭುಜಕ್ಕೆ ಒದೆಯುವುದಿಲ್ಲ. ದಿನವಿಡೀ ಹೊಡೆದರೂ ನಳಿಗೆ ಕಾದು ಗುರಿ ತಪ್ಪಿಸುವುದಿಲ್ಲ. ಅಳಿಲಿಗೆ ಅದೇ ಸರಿ. ಇನ್ನೊಂದು ಅಕ್ರೋಟು ಮರದ ಹಿಡಿಯ, ತೆಳು ನಳಿಗೆಯ ಹಗುರ ಬಂದೂಕು. ಬೆಟ್ಟ ಹತ್ತಿ ಎಲ್ಕ್ ಜಿಂಕೆ ಹೊಡೆಯುವವರಿಗೆ ಮಾಡಿದ್ದು. ಹಗುರವಾದಷ್ಟೂ ಅದರ ಒದೆತ ಜಾಸ್ತಿ.

ನಾನು ಬೂದು ಬಂದೂಕನ್ನು ಎತ್ತಿ ಎಡಗೈಯಿಂದ ಬೋಲ್ಟ್ ಎಳೆದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಂತು. ಇನ್ನೊಮ್ಮೆ ಎಳೆದು ನೋಡಿದೆ. ಕೆಳಗಿಟ್ಟುಬಿಟ್ಟೆ.

"ಇನ್ನೊಂದು ತಗೋ," ಎಂದೆ ಕೊರೀನಳಿಗೆ. "ಸಣ್ಣ ಆಳು ನೀನು, ಹೊತ್ಕೊಂಡು ಓಡಾಡೋಕೆ ಹಗುರ ಇರತ್ತೆ."

ಲೈಲ್ ನನ್ನ ಮುಖ ನೋಡಿದ. ಅಳಿಲಿಗೆ ಅದಾ, ಎಂದು ಬಾಯಿ ತೆರೆದ. ಕಯೋಟಿ ತೋಳಗಳ ಕಾಟವೂ ಇದೆ ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಅಪ್ಪ ಮರದ ಹಿಡಿಯನ್ನು ಸವರುತ್ತ, "ಆರ್ಲಿಸ್ ಹೇಳಿದ್ಮೇಲೆ ಮುಗೀತು," ಎಂದ. ನನ್ನ ಹೆಸರು ಹಿಡಿದು ಅವನು ಹಾಗೆಂದ ಮೇಲೂ ನಾನು ಬೂದು ಬಂದೂಕನ್ನು ಮತ್ತೆ ಎತ್ತಲಿಲ್ಲ.

ಭಾನುವಾರ ಎರಡನೆಯ ಗುಂಡಿಗೇ ದುರ್ಬೀನಿನ ಅಂಚು ಹಿಂದಕ್ಕೆ ಬಡಿದು ಕೊರೀನಳ ಹುಬ್ಬು ಸೀಳಿತು. ರಕ್ತ ಕೆನ್ನೆಯ ಮೇಲೆ ಇಳಿಯಿತು. ನಾಲ್ಕು ಹೊಲಿಗೆ ಬಿತ್ತು. ತಪ್ಪು ತನ್ನದೇ, ಬಂದೂಕನ್ನು ಗಟ್ಟಿಯಾಗಿ ಆನಿಸಿಕೊಳ್ಳಲಿಲ್ಲ ಎಂದಳು. ಮಂಗಳವಾರ ಮತ್ತೆ ಹೋದಳು. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು, ಭುಜ ನೀಲಿಗಟ್ಟಿತ್ತು, ಅಳಿಲು ಒಂದೂ ಬೀಳಲಿಲ್ಲ. ಆರ್ಲಿಸ್ ಪುಟ್ಟ ಹುಡುಗಿಯಾಗಿದ್ದಾಗಲೇ ಇದನ್ನೆಲ್ಲ ಕಲಿತಿದ್ದಳು ಎಂದು ಅಪ್ಪ ಅವಳಿಗೆ ಸಮಾಧಾನ ಹೇಳಿದ. ಸಮಾಧಾನ ಹೇಳುವ ರೀತಿಯೇ ಅದು? ನನಗೂ ಅದರಿಂದ ಸಂತೋಷವಾಗಲಿಲ್ಲ.

ಗುರುವಾರ ಅವಳು ಒಬ್ಬಳೇ ಪೇಟೆಗೆ ಹೋಗಿಬಂದಳು. ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಬೂದು ಬಂದೂಕನ್ನು ಮೇಜಿನ ಮೇಲಿಟ್ಟು ಎದುರು ಕೂತಳು.

"ಬದಲಾಯಿಸ್ಕೊಂಡು ಬಂದೆ. ಅದನ್ನ ಆರಿಸಿದ್ದು ಆರ್ಲಿಸಾ ಅಂತ ಲೈಲ್ ಇನ್ನೂ ತಲೆ ಕೆರ್ಕೋತಾ ಇದಾನೆ. ನಿಂಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು."

"ಮತ್ಯಾಕೆ?"

"ಅಪ್ಪ ನಂಗೆ ಇಂಥದ್ದು ತಂದುಕೊಡ್ಲಿಲ್ಲ."

ನಲವತ್ತಾರು ವರ್ಷದ ಹೆಂಗಸಿನ ಬಾಯಲ್ಲಿ ಆ ಮಾತು ಹೇಗೆ ಕೇಳಿಸಿತೆಂದು ನನಗೇ ಗೊತ್ತು. ಅವಳು ನಗಲಿಲ್ಲ.

"ಅದಕ್ಕೆ ನನ್ ಹುಬ್ಬು ಸೀಳ್ಬೇಕಿತ್ತಾ?"

"ನೀನು ಗುರಿ ತಪ್ಪಲಿ ಅಂತಿದ್ದೆ. ರಕ್ತ ಬರ್ಲಿ ಅಂತ ಅಲ್ಲ. ನಂದು ತಪ್ಪು."

ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಾನು ರೊಟ್ಟಿ ಸುಟ್ರೆ ಆರ್ಲಿಸ್ ಹಿಂಗೆ ಸುಡ್ತಾಳೆ, ಹಸು ಈಯುವಾಗ ಕರು ಎಳೆದ್ರೆ ಆರ್ಲಿಸ್ ಹಂಗೆ ಎಳೀತಾಳೆ. ವರ್ಷದಿಂದ ಆರ್ವಲ್ ಬಾಯಲ್ಲಿ ಬೇರೆ ಹೆಸರೇ ಕೇಳಿಲ್ಲ ನಾನು. ಹೊಟ್ಟೆ ಉರ್ಕೋಬೇಕಾದೋಳು ನೀನಾ?" ಎಂದಳು. ಅಪ್ಪನಿಗೆ ತಾನು ಹೇಳುವುದಿಲ್ಲ, ಹೇಳುವುದಿದ್ದರೆ ನೀನೇ ಹೇಳು ಎಂದು ಎದ್ದುಹೋದಳು.

ಮರುದಿನ ಬೆಳಿಗ್ಗೆ ಬೇಲಿ ತಂತಿ ಬಿಗಿಯುವಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಇಕ್ಕಳ ಕೆಳಗಿಟ್ಟು ಕೇಳಿಸಿಕೊಂಡ. ಚಿಕ್ಕಂದಿನಲ್ಲಿ ನನಗೂ ಎಡಗೈ ಬಂದೂಕು ಯಾಕೆ ತರಲಿಲ್ಲ ಎಂದು ಕೇಳಿದೆ. ಅಂಥದ್ದು ಇದೆಯೆಂದು ಗೊತ್ತಿರಲಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ.

"ಇತ್ತು, ಗೊತ್ತಿತ್ತು," ಎಂದ. "ನೀನು ಅಳ್ಲಿಲ್ಲ ಆರ್ಲಿಸ್. ಅತ್ತಿದ್ರೆ ತರ್ತಿದ್ನೇನೋ. ಹೇಳಿದ್ದೆಲ್ಲ ಮಾಡ್ತಿದ್ದೆ ನೀನು. ಸರಿಯಾಗೇ ಇದೆ ಅಂದ್ಕೊಂಡೆ."

ಕೊರೀನಳ ಹತ್ತಿರ ಕ್ಷಮೆ ಕೇಳಿದೆಯಾ ಎಂದು ವಿಚಾರಿಸಿದ. ತಪ್ಪು ಒಪ್ಪಿಕೊಂಡೆ ಎಂದೆ. ತನ್ನದೂ ತಪ್ಪೇ ಎಂದು ಅವನು ಹೇಳಲಿಲ್ಲ. ಇಕ್ಕಳ ಎತ್ತಿಕೊಂಡು ಮುಂದಿನ ಕಂಬಕ್ಕೆ ಹೋದ.

ಬೂದು ಬಂದೂಕಿನಲ್ಲಿ ಕೊರೀನ್ ಮೊದಲ ವಾರದಲ್ಲೇ ನೂರೈವತ್ತು ಗಜದಾಚೆಯ ಅಳಿಲುಗಳನ್ನು ಬೀಳಿಸತೊಡಗಿದಳು. ಒಂದು ಮಧ್ಯಾಹ್ನ ಅದನ್ನು ನನ್ನ ಕೈಗಿಟ್ಟಳು. ಎಡಭುಜಕ್ಕೆ ಆನಿಸಿಕೊಂಡು ಎಡಗಣ್ಣು ತೆರೆದೆ. ಅಳಿಲಿನ ಮೀಸೆಯವರೆಗೆ ನಿಚ್ಚಳವಾಗಿ ಕಂಡಿತು. ಐದು ಗುಂಡು ಹೊಡೆದೆ, ಐದೂ ಮಣ್ಣಿಗೆ. ಕಣ್ಣಿಗೆ ಗೊತ್ತಿದ್ದದ್ದು ಬೆರಳಿಗೆ ಗೊತ್ತಿರಲಿಲ್ಲ.

"ದಿನಾ ಬಾ, ಕಲಿಸ್ತೀನಿ," ಎಂದಳು.

"ಒಂದ್ ಜನ್ಮಕ್ಕೆ ಎಷ್ಟು ಸಲ ಕಲೀಲಿ," ಎಂದು ಹಳೆಯ ಬಲಗೈ ಬಂದೂಕನ್ನೇ ಎತ್ತಿಕೊಂಡೆ. ಅವಳು ನಕ್ಕಳು, ನಾನೂ ನಕ್ಕೆ.

ಜೂನ್‌ನಲ್ಲಿ ಮೊದಲ ಕೊಯ್ಲು ಚೆನ್ನಾಗಿಯೇ ಬಂತು. ಅಪ್ಪನ ಒಂದು ಕಣ್ಣಿನ ಪೊರೆ ತೆಗೆದರು. ಹೊಲಕ್ಕೆ ಬಂದ ಮೊದಲ ದಿನ ಅವನು ಕೊರೀನಳ ಪಕ್ಕ ಮಂಡಿಯೂರಿ, ಮೊಣಕೈ ಇಷ್ಟು ಒಳಗೆ ಎಂದು ಮೆಲ್ಲಗೆ ಸರಿಪಡಿಸಿದ. ಅವಳನ್ನು ಎಡದಿಂದ ಬಲಕ್ಕೆ ತಿರುಗಿಸುವ ಗೋಜಿಗೆ ಹೋಗಲಿಲ್ಲ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಲಗಳ ಕಡೆಗೆ ಮುಖ ಮಾಡಿ ಗುಂಡು ತುಂಬಿಕೊಂಡೆ.